ಉಪ್ಪುನೀರಿನ ಬದು

ನಂಜನಗೂಡು
11 ಫೆಬ್ರವರಿ 2024

ಲಿಖಿ,

ಫೋನಿನಲ್ಲಿ ನಿನ್ನ ಮಾತಿನ ಅರ್ಧ ನನಗೆ ಸಿಗುತ್ತದೆ, ಇನ್ನರ್ಧ ಸಮುದ್ರದ ಪಾಲು. "ಅಮ್ಮ, ಜೆಟ್ಟಿ ಹಿಂದಿನ ಗುಡ್ಡ ಹತ್ತಿದ್ರೆ ಮಾತ್ರ ಟವರ್..." ಅನ್ನುತ್ತೀಯ, ಅಲ್ಲಿಂದಾಚೆಗೆ ಬರೀ ಗಾಳಿ. ಅದಕ್ಕೇ ಕಾಗದ ತೆಗೆದುಕೊಂಡೆ. ಪಿಯುಸಿ ಮಕ್ಕಳಿಗೆ ಪ್ರತಿವರ್ಷ ಪತ್ರಲೇಖನ ಹೇಳಿಕೊಡುವ ಕನ್ನಡ ಮೇಡಂ ತನ್ನ ಸ್ವಂತಕ್ಕೆ ಒಂದು ಪತ್ರ ಬರೆದು ಎಷ್ಟು ಕಾಲವಾಗಿತ್ತೋ. ಮೊದಲ ಸಾಲಿಗೇ ಪೆನ್ನು ನಿಂತುಬಿಟ್ಟಿತು.

ಇಲ್ಲಿ ಕಪಿಲೆ ಬಡವಾಗಿದ್ದಾಳೆ. ಸೋಪಾನಕಟ್ಟೆಯ ಕೆಳಗೆ ಯಾವತ್ತೂ ಕಾಣದಿದ್ದ ಕಲ್ಲುಗಳು ಮೈ ಕಾಯಿಸಿಕೊಳ್ಳುತ್ತಿವೆ. ನಿನ್ನ ಅಪ್ಪ ಹಾಲ್‌ನ ಗೋಡೆಗೆ ಅಂಡಮಾನಿನ ಭೂಪಟ ಅಂಟಿಸಿದ್ದಾರೆ. ಗ್ಯಾಸ್ ಸಿಲಿಂಡರ್ ತಂದವನಿಗೂ ನೀನಿರುವ ಜಾಗ ತೋರಿಸಿ ಕಳಿಸುತ್ತಾರೆ. ಆ ಭೂಪಟದಲ್ಲಿ ನಿನ್ನ ಊರಿನ ಹೆಸರೇ ಇಲ್ಲ, ಇವರೇ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದಾರೆ.

ಹೋದ ಭಾನುವಾರ ಮುಡುಕುತೊರೆ ದಾಟಿ ಊರಿಗೆ ಹೋಗಿದ್ದೆ. ಅಜ್ಜಿ ಕೇಳಿದಳು, "ಏಮಾ, ಕೂಸು ಅಲ್ಲೋಗಿ ಏನ್ ಮಾಡ್ದದು?" ಹೇಮಲತಾ ಇರಲಿ, ಹೇಮ ಅಂತಲೂ ನಿನ್ನ ಅಜ್ಜಿಯ ಬಾಯಲ್ಲಿ ಎಂದೂ ಬಂದಿಲ್ಲ, ನಾನು ಹುಟ್ಟಿದಾಗಿನಿಂದ ಏಮ. ಸಮುದ್ರದ ದಡದಲ್ಲಿ ಗಿಡ ನೆಡುತ್ತಾಳೆ ಅಂದೆ. "ಗಿಡ ನೆಡಕ್ಕ ಅಷ್ಟು ದೂರ ಓಗ್ಬೇಕಾ? ನಮ್ ಬದುವ್ನಲ್ಲಿ ಜಾಗ ಇರ್ನಿಲ್ವಾ?"

ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳುತ್ತಾರಂತೆ, ಜೂನ್ ಹೊತ್ತಿಗೆ. ಸುಮ್ಮನೆ ತಿಳಿಸಿದೆ ಅಷ್ಟೆ.

ಕೊಡೆ ಮರೆತು ಹೋಗಿದ್ದೀಯ. ಬಾಗಿಲ ಹಿಂದೆಯೇ ಇದೆ.

ನಿನ್ನ
ಅಮ್ಮ


ಜೋಡಾಖಾಡಿ, ದಕ್ಷಿಣ ಅಂಡಮಾನ್
9 ಮಾರ್ಚ್ 2024

ಅಮ್ಮ,

ನಿನ್ನ ಕಾಗದ ಅಕ್ಕಿ ಮೂಟೆಗಳ ಜೊತೆ ದೋಣಿಯಲ್ಲಿ ಬಂತು, ಒಂದು ಮೂಲೆ ನೆನೆದಿತ್ತು. ಎರಡು ಸಲ ಓದಿದೆ. ಒಂದು ಸಲ ನನಗೆ, ಇನ್ನೊಂದು ಸಲ ಜೋರಾಗಿ ಶೆಫಾಲಿ ಮಾಸಿಗೆ. ನಾನಿರುವ ಕೋಣೆ ಅವರ ಮನೆಯದೇ. ಕನ್ನಡ ಒಂದಕ್ಷರ ಗೊತ್ತಿಲ್ಲ, ಆದರೂ ಕೇಳಿಸಿಕೊಂಡು, "ನಿಮ್ಮಮ್ಮ ಬೈದಿದ್ದಾಳಾ ಹೊಗಳಿದ್ದಾಳಾ?" ಎಂದರು. ಎರಡೂ ಅಂದೆ.

ಈ ಊರಿನವರು ಬಂಗಾಳದ ಕಡೆಯಿಂದ ಬಂದು ನೆಲೆಸಿದ ರೈತರು, ಭತ್ತದ ಜನ. ಕೆಸರಿನಲ್ಲಿ ಅವರು ಕಾಲಿಡುವ ರೀತಿ ನೋಡಿದರೆ ಥೇಟ್ ನಮ್ಮೂರು. ಆದರೆ ಸುನಾಮಿಯ ದಿನ ಇಲ್ಲಿ ನೆಲವೇ ಕುಸಿದು ತಗ್ಗಾಯಿತಂತೆ. ಗದ್ದೆ ಬಯಲಿಗೆ ಸಮುದ್ರ ಬಂತು, ವಾಪಸ್ಸು ಹೋಗಲಿಲ್ಲ. ಊರೆಲ್ಲ ಸೇರಿ ಮಣ್ಣು ಹೊತ್ತು, ಆಳೆತ್ತರದ ಬದು ಹಾಕಿ ಸಮುದ್ರವನ್ನು ಆಚೆಗಿಟ್ಟರು. ಈಚೆ ಸಿಕ್ಕಿಕೊಂಡ ಉಪ್ಪುನೀರು ಇವತ್ತಿಗೂ ಹಾಗೇ ನಿಂತಿದೆ. ಅದರಲ್ಲಿ ಭತ್ತವೂ ಇಲ್ಲ, ಮೀನೂ ಇಲ್ಲ. ಮೊದಲು ದಡಕ್ಕೆ ಗೋಡೆಯ ಹಾಗೆ ಮ್ಯಾಂಗ್ರೋವ್ ಕಾಡಿತ್ತಂತೆ, ಅದೂ ಸತ್ತಿತು. ಈಗ ಬಿರುಗಾಳಿ ಎದ್ದರೆ ಅಲೆ ಬದು ಹಾರಿ ಸೀದಾ ಸ್ಕೂಲಿನ ಅಂಗಳಕ್ಕೆ ಬರುತ್ತದೆ. ಆ ಕಾಡನ್ನು ಊರಿನವರ ಕೈಯಲ್ಲೇ ಮತ್ತೆ ಬೆಳೆಸಬೇಕು ಅನ್ನುವುದೇ ನಮ್ಮ ಸಂಸ್ಥೆಯ ಕೆಲಸ.

ಈ ಗಿಡದ ಒಂದು ಸಂಗತಿ ಹೇಳುತ್ತೇನೆ, ನಿನಗೆ ಇಷ್ಟವಾಗುತ್ತದೆ. ಇದರ ಬೀಜ ಮರದಲ್ಲಿ ಇರುವಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯಷ್ಟು ಉದ್ದ, ಹಸಿರು. ತಾಯಿಮರಕ್ಕೆ ಜೋತುಬಿದ್ದು ಬೆಳೆದು, ಒಂದು ದಿನ ತಾನೇ ಕಳಚಿ ನೀರಿಗೆ ಬೀಳುತ್ತದೆ. ಕೆಸರು ಸಿಗುವವರೆಗೆ ತೇಲುತ್ತದೆ.

ಸಮುದ್ರದ ನೀರು ನೆಲದೊಳಕ್ಕೆ ಚಾಚಿದ ಕಾಲುವೆಗೆ ಇಲ್ಲಿ ಖಾಡಿ ಅನ್ನುತ್ತಾರೆ. ಪಕ್ಕದ ಖಾಡಿಯಿಂದ ಇಂಥ ಮೊಳಕೆಗಳನ್ನು ಆರಿಸಿ ತಂದು ಬದುವಿನ ಆಚೆಯ ಕೆಸರಿನಲ್ಲಿ ನೆಟ್ಟೆವು. ಹೇಗೆ ನೆಡುವುದು ಅಂತ ಮಾಸಿ ಕೇಳಿದಾಗ ನನ್ನ ಕೈ ತಾನಾಗಿಯೇ ಬಗ್ಗಿತು. ಹಗ್ಗ ಹಿಡಿದು, ಸಾಲು ಸಾಲಾಗಿ, ಅಜ್ಜಿಯ ಗದ್ದೆಯಲ್ಲಿ ಮಾಡಿದ ಹಾಗೇ ನಾಟಿ! ಹೆಂಗಸರೆಲ್ಲ ಹಾಡು ಹೇಳಿಕೊಂಡು ನೆಟ್ಟರು. "ಮೈಸೂರ್‌ವಾಲಿಗೆ ನಾಟಿ ಬರುತ್ತೆ" ಅಂದರು. ಎಷ್ಟು ಹೆಮ್ಮೆಯಾಯಿತು ಗೊತ್ತಾ.

ಕೊಡೆ ಇಲ್ಲೊಂದು ಕೊಂಡೆ.

ಲಿಖಿ


ನಂಜನಗೂಡು
14 ಏಪ್ರಿಲ್ 2024

ಲಿಖಿ,

ಆ ಬೀಜದ ಸಂಗತಿ ಓದಿ ಪತ್ರ ಮಡಚಿ ಇಟ್ಟೆ. ಒಲೆ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಇಲ್ಲ, ನಾನು ಅದನ್ನು ಉಪಮೆ ಮಾಡುವುದಿಲ್ಲ. ಉಪಮೆ ಮಾಡಿದರೆ ನೀನು ನಗುತ್ತೀಯ, ನನಗೂ ಆಮೇಲೆ ನಾಚಿಕೆಯಾಗುತ್ತದೆ. ಕೆಲವು ಸಂಗತಿಗಳನ್ನು ಅವು ಇರುವ ಹಾಗೇ ಬಿಡಬೇಕು ಎಂದು ಕವಿತೆ ಓದಿ ಓದಿಯೇ ಕಲಿತದ್ದು.

ಕರಾವಳಿಯವರು ಈ ಗಿಡಕ್ಕೆ ಕಾಂಡ್ಲಾ ಅನ್ನುತ್ತಾರೆ, ಹುಡುಕಿ ತಿಳಿದುಕೊಂಡೆ. ನಮ್ಮ ಸೀಮೆಯಲ್ಲಿ ಆ ಗಿಡವಿಲ್ಲ, ಆದ್ದರಿಂದ ಹೆಸರೂ ಇಲ್ಲ. ಅಜ್ಜಿಗೆ ಹೇಳಿದೆ, ನುಗ್ಗೆಕಾಯಿ ಥರ ಇರುತ್ತದಂತೆ ಅಂತ. "ಸಾರ್ಗಾದ್ದಾ?" ಎಂದು ಕೇಳಿದಳು. ಇಲ್ಲ ಅಂದೆ. "ಮತ್ತ ಯಾತುಕ್ಕ ಅದು?" ಸಮುದ್ರ ಊರೊಳಕ್ಕೆ ಬರದ ಹಾಗೆ ತಡೆಯುತ್ತದೆ ಅಂದೆ. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ಅಂಗಾರ ಸರಿ" ಎಂದಳು. ಮಾರನೇ ದಿನ ಊರೆಲ್ಲ ಸುತ್ತಿ, ನನ್ನ ಮೊಮ್ಮಗಳು ಸಮುದ್ರ ತಡೀತಾಳೆ ಅಂತ ಹೇಳಿಕೊಂಡು ಬಂದಳಂತೆ. ನಿನ್ನ ಸೋದರಮಾವ ಫೋನ್ ಮಾಡಿ ನಗುತ್ತಿದ್ದ.

ಅಜ್ಜಿ ತನ್ನ ಎದುರು ಮನೆಯ ಚಿಕ್ಕಬಸಮ್ಮನಿಗೆ ಮಾತ್ರ ಹೇಳಿಲ್ಲ. ಅವರಿಬ್ಬರಿಗೆ ಮಾತಿಲ್ಲದ್ದು ನಿನಗೆ ಗೊತ್ತೇ ಇದೆ. ಜಗಲಿಯ ಮೇಲೆ ಕೂತು, ಆ ಮನೆಗೆ ಕೇಳಿಸುವಷ್ಟು ಜೋರಾಗಿ, ನಾಯಿಗೆ ಹೇಳಿದಳಂತೆ.

ಕಾಲೇಜಿನವರು ಅರ್ಜಿ ತೆಗೆದುಕೊಳ್ಳಲು ಶುರುಮಾಡಿದ್ದಾರೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದೆ. ಹೇಗೂ ಹೊಡೆಸಬೇಕಿತ್ತು.

ಅಮ್ಮ


ಜೋಡಾಖಾಡಿ
26 ಮೇ 2024

ಅಮ್ಮ,

ಎಲ್ಲ ಹೋಯಿತು. ನಾಟಿ ಹಾಕಿದ್ದರಲ್ಲಿ ಒಂದೂ ಉಳಿದಿಲ್ಲ. ಮೊದಲ ಬಿರುಗಾಳಿಗೆ ಅರ್ಧ ಕಿತ್ತು ಹೋಯಿತು, ಮಿಕ್ಕದ್ದು ನೀರಿನಲ್ಲಿ ಮುಳುಗಿ ಕೊಳೆಯಿತು. ತಪ್ಪು ನನ್ನದೇ. ಕಾಂಡ್ಲಾಕ್ಕೆ ನೀರು ಬಂದು ಹೋಗಬೇಕು, ದಿನಕ್ಕೆ ಒಂದಿಷ್ಟು ಹೊತ್ತು ಬೇರಿಗೆ ಗಾಳಿ ಸಿಗಬೇಕು. ಬದುವಿನ ಆಚೆ ನೀರು ತೀರಾ ಆಳ. ನಾನು ಗದ್ದೆಯ ಲೆಕ್ಕ ಹಿಡಿದೆ. ಕೆಸರಿದೆ, ನೀರಿದೆ, ಇನ್ನೇನು ಬೇಕು ಅಂದುಕೊಂಡೆ.

ಸರಿಯಾದ ಜಾಗ ಇರುವುದು ಬದುವಿನ ಈಚೆ, ಆ ಸತ್ತ ಗದ್ದೆ ಬಯಲಿನಲ್ಲಿ. ಹಳೆಯ ಖಾಡಿ ಬಯಲಿಗೆ ಸೇರುತ್ತಿದ್ದ ಕಡೆ ಬದು ತೆಗೆದು ಭರತದ ನೀರು ಒಳಗೆ ಬರುವ ಹಾಗೆ, ಇಳಿತಕ್ಕೆ ಹೊರಗೆ ಹೋಗುವ ಹಾಗೆ ಮಾಡಿದರೆ ನಾವು ನೆಡುವುದೇ ಬೇಡ. ಪಕ್ಕದ ಖಾಡಿಯ ಮರಗಳಿಂದ ಬೀಜ ತಾವೇ ತೇಲಿ ಬರುತ್ತವೆ. ಆ ಜಾಗ ಶೆಫಾಲಿ ಮಾಸಿಯ ಗದ್ದೆ.

ಸ್ಕೂಲಿನ ಅಂಗಳದಲ್ಲಿ ಸಭೆ ಸೇರಿಸಿದೆವು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಗೆ ನಾನು ನನ್ನ ಹಿಂದಿಯಲ್ಲಿ, "ಹಮ್ ಬಾಂಧ್ ತೋಡೇಂಗೆ" ಅಂದೆ. ಬದು ಒಡೆಯೋಣ ಅಂತ. ಮಾಸಿ ಎದ್ದು ನಿಂತರು. "ಒಡೀತೀಯಾ? ಯಾರು ಒಡೆಯೋದು? ನೀನಾ?" ಎಂದರು. ಮನೆಗೆ ಹೊರಟುಬಿಟ್ಟರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಖಾಲಿ ಬೆಂಚುಗಳ ಮುಂದೆ ನಾನು ಚಾರ್ಟ್ ಹಿಡಿದುಕೊಂಡು ನಿಂತಿದ್ದೆ.

ಅದೇ ಮನೆಯಲ್ಲಿ ಇದ್ದೇನೆ. ಊಟಕ್ಕೆ ಕರೆಯುತ್ತಾರೆ, ಮೀನು ಬಡಿಸುತ್ತಾರೆ, ಮಾತಿಲ್ಲ.

ಬೀಜ ರಾಶಿಯಾಗಿ ಬೀಳುವುದು ಮಳೆಗಾಲದಲ್ಲಿ. ಅಷ್ಟರಲ್ಲಿ ಊರು ಒಪ್ಪದಿದ್ದರೆ ನಮ್ಮ ಸಂಸ್ಥೆ ಬೇರೆ ದ್ವೀಪಕ್ಕೆ ಹೋಗುತ್ತದೆ. ಆಮೇಲೆ ಈ ಊರಿಗೆ ಯಾರೂ ಬರುವುದಿಲ್ಲ ಅಮ್ಮ, ಅಲೆ ಮಾತ್ರ ಬರುತ್ತದೆ. ಒಬ್ಬ ರೈತ ಹೆಂಗಸಿಗೆ ನಿನ್ನ ಬದು ನೀನೇ ಒಡಿ ಅಂತ ಹೇಗೆ ಹೇಳುವುದು? ನಿನಗೆ ಗೊತ್ತಿದ್ದರೆ ಬರಿ.

ಲಿಖಿ


ನಂಜನಗೂಡು
16 ಜೂನ್ 2024

ಲಿಖಿ, ಕೂಸೆ,

ನಿನ್ನ ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಊರಿಗೆ ಹೋದೆ. ಅಜ್ಜಿಗೆ ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಅವಳ ಮುಖ ನೀನು ನೋಡಬೇಕಿತ್ತು. "ಬದು ಒಡ್ಯಾ ಕೆಲ್ಸುಕ್ಕ ಅಷ್ಟು ಓದುಸ್ದಾ ಏಮಾ? ಎದುರ್ಮನೆಯವ್ಳ ಕಿವಿಗೆ ಬಿದ್ರ ನಾ ಬೀದಿಲಿ ತಲೆ ಎತ್ಕಂಡು ಓಡಾಡಂಗಿದ್ದದಾ?"

ಚಿಕ್ಕಬಸಮ್ಮನ ಗಂಡ ನಮ್ಮ ಬದು ಒಡೆದು ನಾಲೆ ನೀರು ತಿರುಗಿಸಿಕೊಂಡದ್ದು ನಾನು ಕಾಲೇಜಿನಲ್ಲಿದ್ದಾಗ. ಆತ ತೀರಿಕೊಂಡೇ ಕಾಲವಾಯಿತು. ಆದರೂ ಅಜ್ಜಿ ಆ ಮನೆಯ ಸಾವಿಗೆ ಹೋಗಲಿಲ್ಲ, ಮದುವೆಗೆ ಹೋಗಲಿಲ್ಲ. ನಮ್ಮಲ್ಲಿ ಬದು ಒಡೆದದ್ದನ್ನು ಯಾರೂ ಮರೆಯುವುದಿಲ್ಲ. ಅದು ಮಣ್ಣಲ್ಲ, ಮರ್ಯಾದೆ. ನಿನ್ನ ಮಾಸಿಯೂ ಅದೇ ಜಾತಿಯ ಹೆಂಗಸು ಎಂದು ನನಗೆ ಆಗಲೇ ಅನ್ನಿಸಿತು.

ಇಡೀ ಮಧ್ಯಾಹ್ನ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಗದ್ದೆ ಕಡೆ ಹೊರಟಾಗ ಹಿಂದೆ ಹೋದೆ. ಭತ್ತದ ಒಟ್ಲು ಹಾಕಿದ್ದಾರೆ, ಸಸಿ ಬೆರಳುದ್ದ ಬಂದಿದೆ. ಪಂಪ್‌ಸೆಟ್ ನೀರು ಮೇಲಿನ ಪಾತಿಯಲ್ಲಿ ತುಂಬಿತ್ತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಬದುವಿನ ಒಂದು ಕಡೆ ಗುದ್ದಲಿಯಿಂದ ಮಣ್ಣು ಸರಿಸಿದಳು. ನೀರು ಕೆಳಗಿನ ಪಾತಿಗೆ ಇಳಿಯಿತು. ನಾನು ಕೇಳಿದೆ, "ಅವ್ವ, ಈಗ ನೀನು ಮಾಡಿದ್ದೇನು? ಬದು ಒಡೆದದ್ದಲ್ಲವಾ?"

"ನಿಂಗ ತಲೆಗಿಲೆ ಕೆಟ್ಟದಾ? ಇದು ಮಡೆ. ನನ್ ಗದ್ದೆ, ನನ್ ಬದು, ನಾ ಮಡೆ ಬುಡ್ತಿವ್ನಿ. ಬ್ಯಾರೇರು ಬಂದು ಮುಟ್ಟುದ್ರ ಅದು ಒಡ್ದಂಗ."

ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಅದೇ ಬದು, ಅದೇ ಗುದ್ದಲಿ, ಅದೇ ನೀರು. ಗುದ್ದಲಿ ಹಿಡಿದ ಕೈ ಯಾರದು ಅನ್ನುವುದರ ಮೇಲೆ ಮಾತೇ ಬೇರೆಯಾಗುತ್ತದೆ. ಚಿಕ್ಕಂದಿನಿಂದ ಕೇಳಿದ ಎರಡು ಮಾತುಗಳ ನಡುವೆ ಇಷ್ಟು ದೂರ ಇದೆಯೆಂದು ನನಗೆ ಹೊಳೆದಿರಲಿಲ್ಲ, ಅಜ್ಜಿಗೋ ತಾನು ಹೇಳಿದ್ದು ಆಗಲೇ ಮರೆತುಹೋಗಿತ್ತು, ಕಳೆ ಕೀಳಲು ಕೂತಳು.

ನೀನು ಸಭೆಯಲ್ಲಿ ಹೊರಗಿನವರ ಮಾತು ಆಡಿದೆ ಕೂಸೆ. ಹಿಂದಿಯಲ್ಲಿ ಮಡೆಗೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಮಾಸಿಯ ಮಾತಿನಲ್ಲಿ ಖಂಡಿತ ಒಂದು ಪದ ಇರುತ್ತದೆ. ಭತ್ತ ಬೆಳೆದವರು ಅದಿಲ್ಲದೆ ಬದುಕಿರಲಾರರು. ಹೋಗಿ ಕೇಳು. ಅವರ ಗದ್ದೆಯ ಹತ್ತಿರದ ಬದು ಹಾಕಿದವರು ಯಾರು ಎಂದೂ ಕೇಳು, ಊರೆಲ್ಲ ಸೇರಿ ಅಂತಷ್ಟೇ ನೀನು ಬರೆದಿದ್ದೀಯ.

ಕಾಲೇಜಿನ ಅರ್ಜಿಗೆ ಈ ತಿಂಗಳ ಕೊನೆ ಗಡುವು. ಈ ಸಾಲು ಬರೆದು ಹೊಡೆದುಹಾಕೋಣ ಅಂದುಕೊಂಡೆ. ಹೊಡೆದುಹಾಕಿದರೂ ನೀನು ಓದುತ್ತೀಯ, ಅದಕ್ಕೇ ಬಿಟ್ಟಿದ್ದೇನೆ.

ಅಮ್ಮ


ಜೋಡಾಖಾಡಿ
28 ಜುಲೈ 2024

ಅಮ್ಮ, ಅಮ್ಮ, ಅಮ್ಮ,

ಕೈಯಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಪತ್ರ ಬಂದ ದಿನ ಮಾಸಿ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದರು. ಮೊದಲಿನ ಹಾಗೆ ಕನ್ನಡದಲ್ಲೇ ಜೋರಾಗಿ ಓದಿದೆ, ಆಮೇಲೆ ನಮ್ಮಜ್ಜಿ ಮಡೆ ಬಿಟ್ಟದ್ದನ್ನು ಕೈಯಲ್ಲಿ ಮಣ್ಣು ಸರಿಸಿ ತೋರಿಸಿದೆ. ಎದುರು ಮನೆಯ ಜಗಳವನ್ನೂ ಹೇಳಿದೆ. ನಾಯಿಗೆ ಹೇಳಿದ ಕಥೆಗೆ ಮಾಸಿ ಬಾಯಿಗೆ ಸೆರಗು ಇಟ್ಟುಕೊಂಡರು, ನಗುತ್ತಿದ್ದರು. ಆಮೇಲೆ ಕೇಳಿದೆ, "ಮಾಸಿ, ಆ ಬದು ಹಾಕಿದವರು ಯಾರು?"

ಚೂರಿ ನಿಲ್ಲಿಸದೆ ಹೇಳಿದರು. ಊರಿನವರು ತಂತಮ್ಮ ಗದ್ದೆಯ ಪಾಲು ಹಾಕಿದರಂತೆ, ಇವರ ಗದ್ದೆಯ ಪಾಲು ಅವರೂ ಅವರ ಗಂಡನೂ. ಆತ ಪ್ರತಿ ಮಳೆಗಾಲವೂ, ಈ ಸಲದ ಮಳೆಗೆ ಉಪ್ಪು ತೊಳೆದುಹೋಗುತ್ತೆ, ಮುಂದಿನ ವರ್ಷ ಭತ್ತ ಹಾಕೋಣ ಅನ್ನುತ್ತಿದ್ದನಂತೆ. ಹಾಗೆ ಅನ್ನುತ್ತಲೇ ತೀರಿಕೊಂಡ. "ನೀನು ಒಡೀತೀನಿ ಅಂದೆಯಲ್ಲ, ಅವನ ಬೆನ್ನ ಮೇಲೆ ಹೊಡೆದ ಹಾಗಾಯ್ತು ಮೈಸೂರ್" ಎಂದರು.

ಅವರ ಪಕ್ಕ ಕೂತು ಮಿಕ್ಕ ಮೀನು ತೊಳೆದುಕೊಟ್ಟೆ.

ಎರಡು ದಿನ ಬಿಟ್ಟು, ಬೆಳಗಿನ ಚಹಾ ಹೊತ್ತಿಗೆ ಅವರೇ ಬಂದು ನನ್ನ ಬಾಗಿಲು ತಟ್ಟಿದರು. ಬದುವಿನ ಮೇಲೆ ಕರೆದುಕೊಂಡು ಹೋಗಿ ಒಂದು ಜಾಗ ತೋರಿಸಿದರು. ಭತ್ತದ ಕಾಲದಲ್ಲಿ ಗದ್ದೆಯ ಹೆಚ್ಚಿನ ನೀರು ಖಾಡಿಗೆ ಬಿಡುತ್ತಿದ್ದದ್ದು ಅಲ್ಲೇ ಅಂತೆ. ಅದಕ್ಕೆ ಅವರು 'ಮುಖ್' ಅನ್ನುತ್ತಾರೆ, ಬಾಯಿ. "ಬಾಂಧ್ ಒಡೆಯೋದು ಬೇಡ. ಬಾಯಿ ತೆರೆಯೋಣ. ಅವನ ಬದು ಆ ಕಡೆ ಈ ಕಡೆ ನಿಂತಿರಲಿ. ಯಂತ್ರ ಬರಕೂಡದು, ಹೊರಗಿನ ಆಳು ಬರಕೂಡದು. ಮೊದಲ ಗುದ್ದಲಿ ನನ್ನದು" ಎಂದರು.

"ನಾನು?" ಅಂದೆ.

"ನೀನು ರೈತರ ಮನೆಯವಳು ತಾನೇ? ನನ್ನ ಹಿಂದೆ ನಿಲ್ಲು."

ನಿನ್ನೆ ಇಳಿತದ ಹೊತ್ತಿನಲ್ಲಿ ಊರಿನ ಹೆಂಗಸರೆಲ್ಲ ಬಂದರು. ಮಾಸಿ ಗಂಡನ ಹಳೆಯ ಗುದ್ದಲಿ ತಂದಿದ್ದರು. ಮೊದಲ ಹೆಂಟೆ ತೆಗೆದು ಬಿಸಾಡಲಿಲ್ಲ, ಬದುವಿನ ಮೇಲೇ ಇಟ್ಟರು. ಆಮೇಲೆ ಎಲ್ಲರೂ ಕೈ ಹಾಕಿದೆವು. ಭರತ ಏರುವ ಹೊತ್ತಿಗೆ ಬಾಯಿ ತೆರೆದಿತ್ತು. ಮೊದಲು ಒಂದು ಎಳೆಯಷ್ಟು ನೀರು, ಅಳುಕಿ ಅಳುಕಿ. ಆಮೇಲೆ ಸಮುದ್ರಕ್ಕೆ ದಾರಿ ನೆನಪಾದ ಹಾಗೆ ನುಗ್ಗಿತು. ನಿಂತು ಕಪ್ಪಾಗಿದ್ದ ಆ ನೀರು ಕದಲಿದ್ದನ್ನು ನೋಡಿ ಹೆಂಗಸರು ನಾಲಿಗೆ ಹೊರಳಿಸಿ, ಮದುವೆಮನೆಯಲ್ಲಿ ಹಾಕುವ ಹಾಗೆ, ಉಲುಲು ಹಾಕಿದರು. ನಾನು ಅತ್ತೆ. ಮಾಸಿ ಅಳಲಿಲ್ಲ, "ಮೀನು ಬರುತ್ತೆ" ಎಂದರು.

ಬೀಜ ಬರುತ್ತದಾ? ಈ ಮಳೆಗಾಲ ಪೂರ್ತಿ ಕಾಯಬೇಕು.

ಅರ್ಜಿಯ ವಿಷಯಕ್ಕೆ ನಾನು ಉತ್ತರ ಬರೆದೇ ಇಲ್ಲ ಅಲ್ಲವಾ ಅಮ್ಮ. ಗಡುವು ಮುಗಿದಿದೆ. ನಿನಗೆ ಬೇಜಾರಾಗಿದ್ದರೆ ಬೈದು ಬರಿ, ಮಾಸಿಗೂ ಓದಿ ಹೇಳುತ್ತೇನೆ.

ಲಿಖಿ


ಜೋಡಾಖಾಡಿ
19 ಜನವರಿ 2025

ಅಮ್ಮ,

ಇದು ಸಣ್ಣ ಪತ್ರ, ದೋಣಿ ಹೊರಡುತ್ತಿದೆ. ಜೊತೆಗೆ ಒಂದು ಫೋಟೋ ಇದೆ.

ಬಂದಿವೆ. ನಾವು ಒಂದನ್ನೂ ನೆಟ್ಟಿಲ್ಲ. ತಾವೇ ತೇಲಿ ಬಂದು, ತಮಗೆ ಬೇಕಾದ ಕಡೆ ಕೆಸರು ಹಿಡಿದು ನಿಂತಿವೆ. ಸಾಲೂ ಇಲ್ಲ, ಹಗ್ಗವೂ ಇಲ್ಲ, ಜಾತ್ರೆಗೆ ಬಂದವರ ಹಾಗೆ ಗುಂಪು ಗುಂಪು. ಒಂದೊಂದರ ತುದಿಯಲ್ಲೂ ಎರಡೆರಡು ಎಲೆ. ಮಾಸಿ ದಿನಾ ಹೋಗಿ ನೋಡಿ ಬರುತ್ತಾರೆ. ಒಳಗೆ ದನ ಬಿಟ್ಟವರಿಗೆ ಊರಿನ ಹೆಂಗಸರೇ ದಂಡ ಹಾಕುತ್ತಾರೆ, ನಮ್ಮ ಸಂಸ್ಥೆಯವರನ್ನು ಕೇಳುವುದೂ ಇಲ್ಲ. ಸಂಸ್ಥೆ ಇಲ್ಲೇ ಉಳಿಯುತ್ತದೆ. ನಾನೂ.

ಪಕ್ಕದ ಊರಿನವರು ತಮ್ಮ ಬದು ತೋರಿಸಲು ಕರೆದಿದ್ದರು. ಮಾತಾಡಲು ಮಾಸಿಯೇ ಹೋದರು, ನಾನು ಹಿಂದೆ ನಿಂತಿದ್ದೆ.

ಇನ್ನೊಂದು ಹೇಳಲೇಬೇಕು. ಅಜ್ಜಿಯ ಗದ್ದೆಯ ಆ ಪತ್ರ ಓದಿದ ದಿನದಿಂದ ಮಾಸಿಯ ಬಾಯಲ್ಲಿ ಒಂದು ಪದ ಅಂಟಿಕೊಂಡಿತ್ತು, ಅದು ಊರಿಗೆಲ್ಲ ಹಬ್ಬಿದೆ. ಆ ಜಾಗಕ್ಕೆ ಈಗ ಯಾರೂ ಮುಖ್ ಅನ್ನುವುದಿಲ್ಲ. ಮೀನಿನವನು ಬಲೆ ಎಲ್ಲಿ ಹಾಕಿದೆ ಅಂತ ಕೇಳಿದರೆ, "ಮಡೆ ಕೇ ಪಾಸ್" ಅನ್ನುತ್ತಾನೆ.

ಲಿಖಿ


ನಂಜನಗೂಡು
16 ಫೆಬ್ರವರಿ 2025

ಲಿಖಿ,

ಮಡೆ ಕೇ ಪಾಸ್. ಕ್ಲಾಸಿನಲ್ಲಿ ಪದ್ಯ ಓದುತ್ತಾ ಓದುತ್ತಾ ಅದು ನೆನಪಾಗಿ ನಕ್ಕುಬಿಟ್ಟೆ. ಮಕ್ಕಳು ಗಾಬರಿಯಾದರು. ಕಾವೇರಿ ದಡದ ಒಂದು ಪಾತಿಯ ಮಾತು ಸಮುದ್ರ ದಾಟಿ ಹೋಗಿ ಒಂದು ಊರಿನ ಜಾಗದ ಹೆಸರಾಗಿದೆ. ನಾನು ಇಷ್ಟು ವರ್ಷ ಕನ್ನಡ ಪಾಠ ಮಾಡಿ ಒಂದು ಪದವನ್ನೂ ಅಷ್ಟು ದೂರ ಕಳಿಸಲಿಲ್ಲ.

ನಿನ್ನ ಕೋಣೆಯಲ್ಲಿ ಈಗ ನಾನು ಓದುತ್ತೇನೆ. ಅಲ್ಲಿ ಬೆಳಕು ಚೆನ್ನಾಗಿದೆ. ನೀನು ಬಂದಾಗ ನಿನಗೆ ಹಾಲ್‌ನಲ್ಲಿ ಹಾಸುತ್ತೇನೆ, ಅಪ್ಪನ ಭೂಪಟದ ಕೆಳಗೆ. ಇದರಲ್ಲಿ ಬೇಜಾರು ಹುಡುಕಬೇಡ. ಇದ್ದದ್ದೆಲ್ಲ ಮಳೆಗಾಲದಲ್ಲಿ ನಿನ್ನನ್ನು ಬೈದು ಬರೆದ ಪತ್ರದಲ್ಲೇ ಮುಗಿಯಿತು.

ಫೋಟೋ ದೊಡ್ಡದು ಮಾಡಿಸಿ ಊರಿಗೆ ತೆಗೆದುಕೊಂಡು ಹೋದೆ. ಈ ಸಲ ಬೇಸಿಗೆ ಬೆಳೆಗೂ ನಾಲೆಯಲ್ಲಿ ನೀರಿದೆ. ಅಜ್ಜಿ ಗದ್ದೆಯಲ್ಲಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿ, ಫೋಟೋ ಹಿಡಿದಳು. ಬಹಳ ಹೊತ್ತು ನೋಡಿದಳು. ಮೊದಲು ಹುಡುಕಿದ್ದು ನಿನ್ನ ಮುಖವನ್ನಲ್ಲ, ಬದುವನ್ನು. "ಎಲ್ಲಿ ಮಡೆ?" ತೋರಿಸಿದೆ. ಬೆರಳಿಟ್ಟು, ಆ ಕಡೆಯ ಬದು, ಈ ಕಡೆಯ ಬದು, ಎರಡೂ ನಿಂತಿವೆಯಾ ಎಂದು ನೋಡಿಕೊಂಡಳು. ಮೊದಲ ಗುದ್ದಲಿ ಯಾರು ಹಾಕಿದ್ದು ಅಂತ ಕೇಳಿದಳು. ಗದ್ದೆಯ ಒಡತಿಯೇ ಅಂದೆ. "ಅಂಗಾರ ಸರಿ."

ಆಗ ಪಕ್ಕದ ಗದ್ದೆಯಲ್ಲಿ ಚಿಕ್ಕಬಸಮ್ಮ ಕಳೆ ಕೀಳುತ್ತಿದ್ದಳು, ನಮ್ಮ ಕಡೆ ಬೆನ್ನು ಮಾಡಿಕೊಂಡು, ಎಂದಿನ ಹಾಗೆ. ಅಜ್ಜಿ ಫೋಟೋ ಹಿಡಿದುಕೊಂಡೇ ಬದುವಿನ ಮೇಲೆ ನಡೆದು ಹೋದಳು. ಅದೇ ಬದು, ಲಿಖಿ. ಅದರ ಮೇಲೆ ನಿಂತು, ನಾನು ಕಾಲೇಜು ಓದುತ್ತಿದ್ದ ಕಾಲದಿಂದ ಆಡದಿದ್ದ ಹೆಸರು ಹಿಡಿದು ಕೂಗಿದಳು.

"ಚಿಕ್ಕಬಸೀ, ಇಲ್ನೋಡಮ್ಮಿ. ನನ್ ಮೊಮ್ಮಗ್ಳು."

ಚಿಕ್ಕಬಸಮ್ಮ ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತಳು. ಬಂದು ಫೋಟೋ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಬದು ಒಡ್ದವಳ ಅಂತ ಊರಲ್ಲಿ ಅಂತಿದ್ರು ಕಣಕ್ಕಾ."

ನಾನು ಬದುವಿನ ಮೇಲೆ ಎರಡು ಹೆಜ್ಜೆ ಮುಂದೆ ಬಂದೆ.

"ಒಡ್ದಿಲ್ಲ ಕಣಮ್ಮಿ," ಎಂದಳು ನಿನ್ನ ಅಜ್ಜಿ. ನಾಲೆಯ ಆಚೆ ದಡದವರೂ ತಿರುಗಿ ನೋಡುವಷ್ಟು ಜೋರಾಗಿ, ಫೋಟೋವನ್ನು ತಲೆಯ ಮೇಲೆ ಎತ್ತಿ ಹಿಡಿದು. "ಮಡೆ ಬುಟ್ಟವಳ. ನಾವು ನಾಲೆಗ ಬುಡ್ತೀವಿ, ಅವ್ಳು ಸಮುದ್ರುಕ್ಕ ಬುಟ್ಟವಳ!"

ಅಮ್ಮ